ಮದ್ದಿಗೆ ಮೊದಲು ನೀರು ನೋಡಿ

ಮಕ್ಕಳೇ, ನಿಮ್ಮಲ್ಲಿ ಕೆಲವರ ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿ ಇರಬಹುದು. ಅದನ್ನು ಅಕ್ವೇರಿಯಂ ಎನ್ನುತ್ತಾರೆ. ಮಾವನೋ ಚಿಕ್ಕಪ್ಪನೋ ಪೇಟೆಗೆ ಹೋದಾಗ ಅದನ್ನು ತರುತ್ತಾರೆ. ತೊಟ್ಟಿಯ ಜೊತೆಗೆ ಬಣ್ಣದ ಕಲ್ಲುಗಳು, ಗುಳ್ಳೆ ಬಿಡುವ ಒಂದು ಪಂಪು, ಪ್ಲಾಸ್ಟಿಕ್ ಚೀಲದಲ್ಲಿ ಆರು ಮೀನುಗಳೂ ಬರುತ್ತವೆ. ಅಂದೇ ಬಾವಿಯಿಂದ ನೀರು ಸೇದಿ ತುಂಬಿಸುತ್ತೀರಿ. ಅಂದೇ ಮೀನುಗಳನ್ನು ಬಿಡುತ್ತೀರಿ. ಎರಡು ದಿನ ಮನೆಯವರೆಲ್ಲ ತೊಟ್ಟಿಯ ಮುಂದೆಯೇ ಕುಳಿತಿರುತ್ತಾರೆ. ಐದಾರು ದಿನ ಕಳೆಯುವಾಗ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚತೊಡಗುತ್ತವೆ. ಹಾಕಿದ ತಿನಿಸು ಹಾಗೆಯೇ ಉಳಿಯುತ್ತದೆ. ಒಂದು ಬೆಳಗ್ಗೆ ನೋಡಿದರೆ ಒಂದು ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ.

“ಮೀನಿಗೆ ರೋಗ ಬಂದಿದೆ” ಎಂದು ಮನೆಯವರು ಹೇಳುತ್ತಾರೆ. ಅಂಗಡಿಯಿಂದ ನೀಲಿ ಬಣ್ಣದ ಔಷಧಿಯ ಬಾಟಲಿ ಬರುತ್ತದೆ. ನಾಲ್ಕು ಹನಿ ಹಾಕಬೇಕಾದಲ್ಲಿ ಹತ್ತು ಹನಿ ಬೀಳುತ್ತದೆ. ಉಳಿದ ಮೀನುಗಳೂ ಸಾಯುತ್ತವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ತೊಟ್ಟಿಯಲ್ಲಿ ಮೀನುಗಳು ಒಟ್ಟಾಗಿ ಸೊರಗಿದರೆ ಹೆಚ್ಚಿನ ಸಲ ಕೆಟ್ಟಿರುವುದು ನೀರು. ಮದ್ದಿನ ಬಾಟಲಿ ತೆರೆಯುವ ಮೊದಲು ನೀರನ್ನು ಪರೀಕ್ಷಿಸಬೇಕು. ಅದಕ್ಕಿಂತಲೂ ಒಳ್ಳೆಯದು, ತೊಟ್ಟಿ ತಂದ ದಿನ ಮೀನನ್ನು ತಾರದೇ ಇರುವುದು.

ನೀರು ಕನ್ನಡಿಯಂತೆ ತಿಳಿಯಾಗಿದೆ, ಕೆಟ್ಟದ್ದು ಹೇಗೆ ಎಂದು ನೀವು ಕೇಳಬಹುದು. ದನದ ಹಟ್ಟಿಯೊಳಗೆ ಹೋದಾಗ ಮೂಗಿಗೆ ಹೊಡೆಯುವ ಒಂದು ವಾಸನೆ ನಿಮಗೆ ಗೊತ್ತಿದೆಯಲ್ಲ? ಅದು ಅಮೋನಿಯಾ. ಮೀನಿನ ದೇಹದಿಂದಲೂ ಅಮೋನಿಯಾ ಹೊರಬರುತ್ತದೆ. ಅದರ ಹೆಚ್ಚಿನ ಪಾಲು ಕಿವಿರುಗಳ ಮೂಲಕವೇ ನೀರನ್ನು ಸೇರುತ್ತದೆ. ತಿನ್ನದೆ ಉಳಿದ ತಿನಿಸು ಕೊಳೆತಾಗಲೂ ಅದು ಉಂಟಾಗುತ್ತದೆ. ನೀರಿನಲ್ಲಿ ಅದು ಕಣ್ಣಿಗೆ ಕಾಣುವುದಿಲ್ಲ. ಮೀನನ್ನು ಕೊಲ್ಲುವಷ್ಟು ಇದ್ದರೂ ನಮ್ಮ ಮೂಗಿಗೆ ತಿಳಿಯುವುದಿಲ್ಲ. ಮೀನಿನ ಕಿವಿರುಗಳನ್ನು ಅದು ಸುಡುತ್ತದೆ.

ಹಾಗಾದರೆ ಕೆರೆಯಲ್ಲಿರುವ ಮೀನುಗಳು ಸಾಯುವುದಿಲ್ಲವೇಕೆ? ಕೆರೆಯ ಕೆಸರಿನಲ್ಲಿ, ಕಲ್ಲುಗಳ ಮೇಲೆ, ಗಿಡಗಳ ಬೇರುಗಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿವೆ. ಬ್ಯಾಕ್ಟೀರಿಯಾ ಎಂದರೆ ರೋಗ ತರುವ ಜೀವಿ ಎಂದು ಮಾತ್ರ ತಿಳಿಯಬೇಡಿ. ಇವು ಉಪಕಾರಿಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ರಕ್ತವನ್ನು ಸೇರಿದರೆ ರಕ್ತಕ್ಕೆ ಆಮ್ಲಜನಕವನ್ನು ಹೊರಲು ಆಗುವುದಿಲ್ಲ. ಪಂಪು ಗುಳ್ಳೆ ಬಿಡುತ್ತಲೇ ಇದ್ದರೂ ಮೀನು ಉಸಿರಿಗಾಗಿ ಒದ್ದಾಡಲು ಇದೂ ಒಂದು ಕಾರಣ. ಇನ್ನೊಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದರಿಂದ ಅಷ್ಟು ಅಪಾಯವಿಲ್ಲ. ಗಿಡಗಳು ಅದನ್ನು ಗೊಬ್ಬರವಾಗಿ ಹೀರಿಕೊಳ್ಳುತ್ತವೆ.

ತೊಳೆದು ಹೊಳೆಯುವ ಹೊಸ ತೊಟ್ಟಿಯಲ್ಲಿ ಈ ಉಪಕಾರಿಗಳು ಇಲ್ಲವೇ ಇಲ್ಲ ಎನ್ನಬಹುದು. ಅವು ತಾವಾಗಿಯೇ ಬಂದು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀರೂ ಕಡಿಮೆ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ತೊಟ್ಟಿಯಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ? ಗುಣಿಸಿ ನೋಡಿ. 54 ಲೀಟರ್. ಮೇಲೆ ಬಿಟ್ಟ ಜಾಗ, ಒಳಗಿನ ಕಲ್ಲು ಕಳೆದರೆ ಸುಮಾರು 45 ಲೀಟರ್, ಅಂದರೆ ಕೆಲವೇ ಕೊಡಪಾನ ನೀರು. ದುಂಡಗಿನ ಗಾಜಿನ ಬುಡ್ಡಿಯಲ್ಲಾದರೆ ಅದರ ಕಾಲು ಭಾಗವೂ ಇರುವುದಿಲ್ಲ. ಬುಡ್ಡಿಯಲ್ಲಿ ಗೋಲ್ಡ್‌ಫಿಶ್ ಇಡುವುದು ನೋಡಲು ಚಂದವೇ ಹೊರತು ಮೀನಿಗೆ ಹಿಂಸೆ ಎಂದೇ ನನ್ನ ಎಣಿಕೆ.

“ಮಗುವಿನ ಮುಂದೆ ಖಾಲಿ ತೊಟ್ಟಿಯನ್ನು ಒಂದು ತಿಂಗಳು ಇಡುವುದೇ? ಮಗು ಅಳುವುದಿಲ್ಲವೇ?” ಎಂದು ಕೆಲವು ಹೆತ್ತವರು ಕೇಳುತ್ತಾರೆ. ಆರು ಮೀನುಗಳನ್ನು ಒಂದೊಂದಾಗಿ ತೆಂಗಿನ ಬುಡದಲ್ಲಿ ಹೂಳುವಾಗಲೂ ಮಗು ಅಳುತ್ತದೆ. ಅಲ್ಲದೆ ಆ ತೊಟ್ಟಿ ಖಾಲಿಯಲ್ಲ. ದಿನವೂ ಒಂದು ಚಿಟಿಕೆ ಮೀನಿನ ತಿನಿಸನ್ನು ನೀರಿಗೆ ಹಾಕಿ, ಪಂಪನ್ನೂ ನೀರು ಸೋಸುವ ಫಿಲ್ಟರನ್ನೂ ನಡೆಸುತ್ತಿರಿ. ತಿನಿಸು ಕೊಳೆತು ಅಮೋನಿಯಾ ಹುಟ್ಟುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅಲಂಕಾರ ಮೀನಿನ ಅಂಗಡಿಗಳಲ್ಲಿ ಇದನ್ನು ಅಳೆಯುವ ಪರೀಕ್ಷಾ ದ್ರವ ಸಿಗುತ್ತದೆ. ಕೆಲವು ಹನಿ ಹಾಕಿದರೆ ನೀರಿನ ಬಣ್ಣ ಬದಲಾಗುತ್ತದೆ. ಒಂದು ನೋಟು ಪುಸ್ತಕದಲ್ಲಿ ದಿನಾಂಕ ಬರೆದು ಬಣ್ಣವನ್ನು ಗುರುತಿಸಿಕೊಳ್ಳಿ. ಅಮೋನಿಯಾ ಮೊದಲು ಏರಿ ಇಳಿಯುತ್ತದೆ. ಅನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಸೊನ್ನೆಗೆ ಬಂದ ಮೇಲೆ ಎರಡೇ ಮೀನು ತನ್ನಿ. ಹಳೆಯ, ಆರೋಗ್ಯವಾಗಿರುವ ತೊಟ್ಟಿ ಇರುವ ನೆರೆಮನೆಯಿಂದ ಒಂದು ಹಿಡಿ ಕಲ್ಲನ್ನು ಕೇಳಿ ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ. ಆ ಕಲ್ಲನ್ನು ಮಾತ್ರ ತೊಳೆಯಬೇಡಿ!

ಇನ್ನು ನಮ್ಮ ಊರಿನ ನೀರಿನ ಮಾತು. ಕಾಸರಗೋಡಿನ ಮುರಕಲ್ಲಿನ ನೆಲದಲ್ಲಿ ತೋಡಿದ ಬಾವಿಗಳ ನೀರು ಹಲವೆಡೆ ಸ್ವಲ್ಪ ಆಮ್ಲೀಯವಾಗಿರುತ್ತದೆ. ಶಾಲೆಯಲ್ಲಿ ಪಿ.ಎಚ್. ಕಾಗದ ಇದ್ದರೆ ಅಧ್ಯಾಪಕರಲ್ಲಿ ಕೇಳಿ, ನಿಮ್ಮ ಬಾವಿಯ ನೀರಿನಲ್ಲಿ ಅದ್ದಿ ನೋಡಿ. ಪಿ.ಎಚ್. 6ಕ್ಕಿಂತ ಕೆಳಗಿಳಿದರೆ ನಮ್ಮ ಉಪಕಾರಿ ಬ್ಯಾಕ್ಟೀರಿಯಾಗಳ ಕೆಲಸ ಬಹಳ ನಿಧಾನವಾಗುತ್ತದೆ. ಚೆನ್ನಾಗಿ ತೊಳೆದು ಒಣಗಿಸಿದ ಮರುವಾಯಿ ಚಿಪ್ಪುಗಳನ್ನು ಒಂದು ಹಿಡಿಯಷ್ಟು ತೊಟ್ಟಿಯೊಳಗಿಟ್ಟರೆ ಅವು ಮೆಲ್ಲಗೆ ಕರಗಿ ಆಮ್ಲವನ್ನು ತಗ್ಗಿಸುತ್ತವೆ.

ಮಳೆಗಾಲದಲ್ಲಿ ಆರೋಗ್ಯ ಕಾರ್ಯಕರ್ತರು ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕಿಸುತ್ತಾರೆ. ಅದು ನಮ್ಮ ಆರೋಗ್ಯಕ್ಕೆ ಬೇಕೇ ಬೇಕು. ಆದರೆ ಅದರಲ್ಲಿರುವ ಕ್ಲೋರಿನ್ ಮೀನಿನ ಕಿವಿರಿಗೆ ಆಗದು. ಬಾವಿಗೆ ಪೌಡರ್ ಹಾಕಿದ ಮೇಲೆ ಕೆಲವು ದಿನ ಆ ನೀರನ್ನು ತೊಟ್ಟಿಗೆ ಹಾಕಬೇಡಿ. ಕ್ಲೋರಿನ್ ಇರುವ ನಳ್ಳಿ ನೀರಾದರೆ ಅಗಲ ಬಾಯಿಯ ಬಕೆಟಿನಲ್ಲಿ ಒಂದು ಇಡೀ ದಿನ ತೆರೆದಿಟ್ಟು ಅನಂತರ ಬಳಸಿ. ಬೇಸಿಗೆಯಲ್ಲಿ ಕಿಟಕಿಯ ಬಿಸಿಲು ಬೀಳುವಲ್ಲಿ ತೊಟ್ಟಿ ಇಡಬಾರದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆ ಮಿಲಿಗ್ರಾಂ ಮಾತ್ರ.

ಮೀನಿಗೆ ನಿಜವಾದ ರೋಗ ಬರುವುದೇ ಇಲ್ಲವೇ? ಬರುತ್ತದೆ. ಮೈಯ ಮೇಲೆ ಉಪ್ಪಿನ ಹರಳು ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತವೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಇದು ಬಿಳಿಚುಕ್ಕೆ ರೋಗ. ಇದಕ್ಕೆ ಕಾರಣವಾದ ಪರಾವಲಂಬಿ ಜೀವಿ ಮೀನಿನ ಚರ್ಮದೊಳಗೆ ಅಡಗಿ ಬೆಳೆಯುತ್ತದೆ, ಮತ್ತೆ ಉದುರಿ ತೊಟ್ಟಿಯ ತಳದಲ್ಲಿ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಈಜುತ್ತಾ ಇನ್ನೊಂದು ಮೀನನ್ನು ಹುಡುಕುವಾಗ ಮಾತ್ರ ಔಷಧಿಗೆ ಸಿಗುತ್ತವೆ. ಆದ್ದರಿಂದ ಒಂದು ದಿನ ಮದ್ದು ಹಾಕಿ ನಿಲ್ಲಿಸಿದರೆ ಗುಣವಾಗುವುದಿಲ್ಲ. ಹೊಸದಾಗಿ ತಂದ ಮೀನನ್ನು ಎರಡು ವಾರ ಬೇರೆಯೇ ಇಟ್ಟು ನೋಡಿದರೆ ಈ ಪೀಡೆ ತೊಟ್ಟಿಗೆ ಬಾರದಂತೆ ತಡೆಯಬಹುದು.

ನಮಗೆ ಜ್ವರ ಬಂದರೆ ಅಮ್ಮ ಹಣೆ ಮುಟ್ಟಿ ನೋಡುತ್ತಾರೆ. ಮೀನಿಗೆ ಹಣೆಯನ್ನು ಮುಟ್ಟುವಂತಿಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬಹುದು: ಸೊರಗಿರುವುದು ಒಂದೇ ಮೀನೋ, ಎಲ್ಲ ಮೀನುಗಳೋ? ಎಲ್ಲವೂ ಒಟ್ಟಿಗೆ ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ ಮೊದಲ ಸಂಶಯ ನೀರಿನ ಮೇಲೆ ಇರಲಿ. ತಡಮಾಡದೆ ಕಾಲು ಭಾಗ ನೀರನ್ನು ತೆಗೆದು, ಸಿದ್ಧವಾಗಿಟ್ಟ ನೀರನ್ನು ಮೆಲ್ಲನೆ ತುಂಬಿರಿ. ಅದು ತೊಟ್ಟಿಯ ನೀರಿನಷ್ಟೇ ಬೆಚ್ಚಗಿರಲಿ. ಮರುದಿನವೂ ಹಾಗೆಯೇ ಮಾಡಿ. ಎರಡು ದಿನ ತಿನಿಸು ಕೊಡಬೇಡಿ. ಮೀನು ಹಸಿವಿನಿಂದ ಸಾಯುವುದಿಲ್ಲ. ಎಲ್ಲ ನೀರನ್ನೂ ಚೆಲ್ಲಿ, ಕಲ್ಲುಗಳನ್ನು ಸೋಪು ಹಾಕಿ ತಿಕ್ಕುವವರಿದ್ದಾರೆ. ಅದು ಸ್ವಚ್ಛತೆಯಂತೆ ಕಾಣುತ್ತದೆ, ಆದರೆ ಇದ್ದ ಉಪಕಾರಿಗಳೂ ಹೋಗಿ ಪುನಃ ಮೊದಲ ದಿನಕ್ಕೇ ಮರಳುತ್ತೀರಿ. ಫಿಲ್ಟರಿನ ಸ್ಪಂಜನ್ನು ಕೂಡ ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅಲುಬಿದರೆ ಸಾಕು. ನೀಲಿ ಔಷಧಿಯನ್ನು ತೊಟ್ಟಿಗೇ ಸುರಿದರೂ ಈ ಉಪಕಾರಿಗಳಿಗೆ ಹಾನಿಯಾಗುತ್ತದೆ. ಒಂದೇ ಮೀನಿಗೆ ರೋಗವಿದ್ದರೆ ಅದನ್ನು ಬೇರೆ ಪಾತ್ರೆಗೆ ಹಾಕಿ, ಹಿರಿಯರ ಸಹಾಯದಿಂದ ಅಳತೆಗೆ ಸರಿಯಾಗಿ ಮದ್ದು ಕೊಡಿ.

ಸಾಕಲು ಆಗದೆ ಹೋದರೆ ಮೀನುಗಳನ್ನು ತೋಡಿಗೆ ಅಥವಾ ಹೊಳೆಗೆ ಬಿಡಬೇಡಿ. ಅವು ನಮ್ಮ ನೀರಿನ ಮೀನುಗಳಲ್ಲ. ಅವುಗಳಿಂದ ಇಲ್ಲಿಯ ಮೀನುಗಳಿಗೆ ರೋಗ ಹರಡಬಹುದು. ಸಾಕುವ ಗೆಳೆಯರಿಗೆ ಕೊಡಿ, ಇಲ್ಲವೇ ಅಂಗಡಿಗೆ ಮರಳಿಸಿ. ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆದ ಕಾಲು ಭಾಗ ನೀರನ್ನು ಚರಂಡಿಗೆ ಚೆಲ್ಲುವುದೂ ಬೇಡ. ಅದರಲ್ಲಿ ನೈಟ್ರೇಟ್ ಇದೆ ಎಂದು ಆಗಲೇ ಓದಿದಿರಿ. ಅಂಗಳದ ಬಸಳೆ ಚಪ್ಪರದ ಬುಡಕ್ಕೆ ಹೊಯ್ಯಿರಿ.