ಉತ್ತರ ರಾಮಾಯಣ: ಕಿರುತೆರೆಯ ಎರಡನೆಯ ಭಾಗ

ರಾಮಾನಂದ ಸಾಗರರ ‘ರಾಮಾಯಣ’ವು 1987ರ ಜನವರಿಯಿಂದ 1988ರ ಜುಲೈವರೆಗೆ ದೂರದರ್ಶನದಲ್ಲಿ ಪ್ರಸಾರವಾಗಿ, ಪಟ್ಟಾಭಿಷೇಕದೊಡನೆ ಮುಗಿಯಿತು. ವಾಲ್ಮೀಕಿಯನ್ನು ಕುಲಗುರುವೆಂದು ಪೂಜಿಸುವ ಪೌರಕಾರ್ಮಿಕರು ಉತ್ತರ ಭಾರತದಲ್ಲಿ ಮುಷ್ಕರ ಹೂಡಿ, ಉತ್ತರಕಾಂಡವೂ ಬರಬೇಕೆಂದು ಆಗ್ರಹಿಸಿದ ಮೇಲೆ ಎರಡನೆಯ ಭಾಗವು ತೆರೆಗೆ ಬಂದಿತು. 2020ರ ಲಾಕ್‌ಡೌನ್ ಕಾಲದ ಮರುಪ್ರಸಾರದಲ್ಲಿ ಆಂಟಾಪ್ ಹಿಲ್ಲಿನ ನಮ್ಮ ಮನೆಗಳಲ್ಲಿಯೂ ಎರಡನ್ನೂ ನೋಡಿದೆವು. ಮೊದಲನೆಯದು ನಮ್ಮನ್ನು ಹಿಡಿದು ಕೂರಿಸಿತು. ಎರಡನೆಯದು ನಿರಾಶೆಗೊಳಿಸಿತೆಂದೇ ಹೇಳಬೇಕಾಗಿದೆ.

ಇದಕ್ಕೆ ಕಾರಣ ರಂಗಸಜ್ಜಿಕೆಯ ಬಡತನವಲ್ಲ. ವಾಲ್ಮೀಕಿಯಲ್ಲಿ ಅರಸನು ಲೋಕಾಪವಾದಕ್ಕೆ ಅಂಜಿ, ಏನನ್ನೂ ಅರಿಯದ ಗರ್ಭಿಣಿಯನ್ನು ಕಾಡಿಗೆ ಕಳುಹುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಆಕೆಯ ಅಳಲಿಗೆ ಮೃಗಪಕ್ಷಿಗಳೂ ಮರುಗುತ್ತವೆ. ಧಾರಾವಾಹಿಯಲ್ಲಾದರೋ ಸೀತೆಯೇ ತಾನಾಗಿ ಹೊರಡಲು ಮುಂದಾಗುತ್ತಾಳೆ. ರಾಮನ ಮೇಲೆ ದೋಷ ಬಾರದಿರಲೆಂಬ ಭಕ್ತಿ ಇದರ ಹಿಂದಿರಬಹುದು. ಆದರೆ ಅನ್ಯಾಯವೇ ನಡೆಯದಿದ್ದ ಮೇಲೆ, ಲವಕುಶರು ತುಂಬಿದ ಸಭೆಯಲ್ಲಿ ಹಾಡುವ ಹಾಡಿಗೆ ಪ್ರಯೋಜನವೇನು? ಸೀತೆ ಭೂಗರ್ಭವನ್ನು ಸೇರುವುದೇಕೆ?

ನೊಂದವರ ಬಾಯಿಂದಲೇ ಒಪ್ಪಿಗೆಯನ್ನು ನುಡಿಸಿ ಅರಸನನ್ನು ಕಾಯುವುದು ಕಥೆಗೂ ನ್ಯಾಯವಲ್ಲ, ರಾಮನಿಗೂ ಗೌರವವಲ್ಲ. ನಮ್ಮ ಹಿರಿಯ ಕವಿಗಳು ಈ ಪ್ರಶ್ನೆಯನ್ನು ಮರೆಮಾಡಲಿಲ್ಲ. ವಿದ್ಯಾರ್ಥಿ ಮಿತ್ರರು ತೆರೆಯಲ್ಲಿ ಕಂಡಷ್ಟಕ್ಕೇ ತೃಪ್ತರಾಗದೆ, ಆ ಕಾವ್ಯಗಳನ್ನೂ ಓದಲೆಂದು ನಮ್ಮ ಹಾರೈಕೆ.