ವೈದ್ಯಸಹಾಯಕರ ವಿದ್ಯಾಭ್ಯಾಸ: ಒಂದು ವಿಚಾರ

ವಿಜ್ಞಾನ ವಿಭಾಗದಲ್ಲಿ ಪಿ.ಯು.ಸಿ. ಮುಗಿಸಿದ ಗ್ರಾಮಾಂತರ ವಿದ್ಯಾರ್ಥಿಗೆ ಹಿರಿಯರು ಸಾಮಾನ್ಯವಾಗಿ ಎರಡೇ ಬಾಗಿಲುಗಳನ್ನು ತೋರಿಸುತ್ತಾರೆ: ಒಂದು ಎಂ.ಬಿ.ಬಿ.ಎಸ್., ಇನ್ನೊಂದು ಎಂಜಿನಿಯರಿಂಗ್. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಿ ಅಂಕಗಳು ಸಾಲದೆ ಹೋದರೆ ಮತ್ತೊಂದು ವರ್ಷ, ಆಗಲೂ ಸಾಲದಿದ್ದರೆ ಮಗದೊಂದು ವರ್ಷ. ತರಬೇತಿಯ ಶುಲ್ಕಕ್ಕಾಗಿ ಹೊಲದ ಮೇಲೆ ಸಾಲ. ಹೀಗೆ ಸವೆದುಹೋಗುವ ಯೌವನದ ಲೆಕ್ಕವನ್ನು ಯಾರೂ ಇಡುವುದಿಲ್ಲ. ವೈದ್ಯರ ಮಗ್ಗುಲಲ್ಲಿ ನಿಂತು ರೋಗಿಯ ಸೇವೆ ಮಾಡುವ ಮೂರನೆಯ ಬಾಗಿಲೊಂದುಂಟೆಂಬುದು ಅನೇಕ ಶಾಲೆಗಳಿಗೇ ತಿಳಿದಿಲ್ಲವೆಂಬುದು ವಿಷಾದದ ಸಂಗತಿ. ಅದೇ ‘ಫಿಜಿಷಿಯನ್ ಅಸಿಸ್ಟೆಂಟ್’, ಅರ್ಥಾತ್ ವೈದ್ಯಸಹಾಯಕ ವೃತ್ತಿ.

ಈ ವೃತ್ತಿ ಹುಟ್ಟಿದ ಬಗೆ ಸ್ವಾರಸ್ಯಕರವಾದುದು. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಗಾರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಡಾ. ಏಮಸ್ ಜಾನ್ಸನ್ ಎಂಬ ವೈದ್ಯರು ಹೆನ್ರಿ ಟ್ರೆಡ್‌ವೆಲ್ ಎಂಬ ಸಹಾಯಕನನ್ನು ತಾವೇ ತಿದ್ದಿ ಸಿದ್ಧಪಡಿಸಿದ್ದರು. ಅವರು ಪರಸ್ಥಳಕ್ಕೆ ಹೋದಾಗಲೂ ಚಿಕಿತ್ಸಾಲಯದ ಕೆಲಸ ನಿಲ್ಲುತ್ತಿರಲಿಲ್ಲ. ಅದೇ ರಾಜ್ಯದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಯೂಜೀನ್ ಸ್ಟೆಡ್ ಅವರು ಮೊದಲು ಅನುಭವಿ ದಾದಿಯರಿಗೆ ಉನ್ನತ ತರಬೇತಿ ನೀಡಲು ಯತ್ನಿಸಿದರು. ದಾದಿಯರ ಶಿಕ್ಷಣಕ್ಕೆ ಮನ್ನಣೆ ಕೊಡುವ ಸಂಸ್ಥೆ ಒಪ್ಪಲಿಲ್ಲ. ಆಗ ಅವರ ದೃಷ್ಟಿ ನೌಕಾದಳದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ಮರಳಿದ್ದ ಯೋಧರತ್ತ ಹರಿಯಿತು. ಕೈಯಲ್ಲಿ ವಿದ್ಯೆಯಿತ್ತು, ಕಾಗದದಲ್ಲಿ ಪದವಿಯಿರಲಿಲ್ಲ. ಅಂಥ ನಾಲ್ವರನ್ನು ಆರಿಸಿ 1965ರಲ್ಲಿ ಎರಡು ವರ್ಷಗಳ ಶಿಕ್ಷಣವನ್ನು ಆರಂಭಿಸಿದರು. 1967ರಲ್ಲಿ ಮೂವರು ತೇರ್ಗಡೆಯಾದರು. ಇಂದು ಅಲ್ಲಿ ಈ ಹಾದಿ ಬಹಳ ಬಿಗಿಯಾಗಿದೆ. ಮೊದಲು ಪದವಿ, ಬಹುತೇಕ ಕಡೆ ರೋಗಿಗಳ ನಡುವೆ ದುಡಿದ ಅನುಭವ, ಬಳಿಕ ಸುಮಾರು 27 ತಿಂಗಳ ಸ್ನಾತಕೋತ್ತರ ವ್ಯಾಸಂಗ. ಅದರಲ್ಲಿ ಸುಮಾರು 2,000 ಗಂಟೆಗಳು ರೋಗಿಯ ಹಾಸಿಗೆಯ ಬಳಿಯಲ್ಲೇ. ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ.

ಭಾರತದಲ್ಲಿ ಇದಕ್ಕೆ ನಾಂದಿ ಹಾಡಿದವರು ಹೃದಯ ಶಸ್ತ್ರಚಿಕಿತ್ಸಕರಾದ ಡಾ. ಕೆ.ಎಂ. ಚೆರಿಯನ್. 1992ರಲ್ಲಿ ಮದ್ರಾಸ್ ಮೆಡಿಕಲ್ ಮಿಷನ್ನಿನಲ್ಲಿ ಈ ಶಿಕ್ಷಣ ಪ್ರಾರಂಭವಾಯಿತು. ಕರ್ನಾಟಕದ ಮಣಿಪಾಲದಲ್ಲಿಯೂ ಇದಕ್ಕೆ ಪದವಿ ವ್ಯಾಸಂಗವಿದೆ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿದವರು ಸಾಮಾನ್ಯವಾಗಿ ನಾಲ್ಕು ವರ್ಷ ಕಲಿಯಬೇಕು. ಕೊನೆಯ ವರ್ಷ ಆಸ್ಪತ್ರೆಯಲ್ಲಿ ತರಬೇತಿ. 2021ರ ಕೇಂದ್ರ ಕಾಯಿದೆಯು ಸಹವೈದ್ಯಕೀಯ ವೃತ್ತಿಗಳ ಪಟ್ಟಿಯಲ್ಲಿ ಈ ವೃತ್ತಿಯನ್ನು ಸೇರಿಸಿತು. ಅದಕ್ಕೆ ಮುನ್ನ ಮೂರು ದಶಕಗಳ ಕಾಲ ಈ ಪದವೀಧರರು ಕಾನೂನಿನ ಕಣ್ಣಿಗೆ ಬೀಳದೆಯೇ ದುಡಿದರೆನ್ನಬೇಕು.

ಹಳೆಯ ತಲೆಮಾರಿನವರು ಎಲ್.ಎಂ.ಪಿ. ಡಾಕ್ಟರರನ್ನು ಮರೆತಿರಲಾರರು. 1946ರ ಭೋರ್ ಸಮಿತಿಯ ವರದಿಯ ಕಾಲಕ್ಕೆ ದೇಶದಲ್ಲಿದ್ದ ಸುಮಾರು 47,500 ವೈದ್ಯರಲ್ಲಿ ಸುಮಾರು 29,900 ಮಂದಿ ಲೈಸೆನ್ಷಿಯೇಟರೇ. ಸಮಿತಿಯ ಕೆಲವು ಸದಸ್ಯರ ಭಿನ್ನಮತವನ್ನೂ ಮೀರಿ ಆ ಶಿಕ್ಷಣ ನಿಂತುಹೋಯಿತು. ಆದರೆ ಎಲ್.ಎಂ.ಪಿ. ಸ್ವತಂತ್ರ ವೈದ್ಯ, ವೈದ್ಯಸಹಾಯಕನು ವೈದ್ಯನ ಮೇಲ್ವಿಚಾರಣೆಯಲ್ಲೇ ದುಡಿಯತಕ್ಕವನು. ಈ ಅಂತರವನ್ನು ಮರೆಮಾಚಿ, ‘ಅರ್ಧ ಡಾಕ್ಟರ್’ ಆಗಬಹುದೆಂಬ ಭ್ರಮೆ ಹುಟ್ಟಿಸಿ ಸೀಟು ತುಂಬಿಸುವುದು ಶಿಕ್ಷಣವಲ್ಲ, ವಂಚನೆ. ಅಧಿಕಾರದ ಎಲ್ಲೆ ಸ್ಪಷ್ಟವಾಗದಿದ್ದರೆ ಏನಾಗುತ್ತದೆಂಬುದಕ್ಕೆ ಅಸ್ಸಾಮಿನ ನಿದರ್ಶನವಿದೆ. ಗ್ರಾಮೀಣ ವೈದ್ಯಕೀಯಕ್ಕಾಗಿ ಡಿಪ್ಲೊಮಾ ಶಿಕ್ಷಣ ಕಲ್ಪಿಸಿದ ಅಲ್ಲಿನ 2004ರ ಕಾಯಿದೆಯನ್ನು 2014ರಲ್ಲಿ ಗುವಾಹಟಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿತು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ನಡುವೆ ಸಿಲುಕಿದವರು ನಂಬಿ ಓದಿದ ಯುವಕ ಯುವತಿಯರು.

ಇನ್ನು ಹೆಸರಿನ ಜಗಳ. ಅಮೆರಿಕದ ಈ ವೃತ್ತಿಯವರ ಸಂಘ 2021ರಲ್ಲಿ ‘ಅಸಿಸ್ಟೆಂಟ್’ ಪದವನ್ನು ಬಿಟ್ಟು ‘ಅಸೋಸಿಯೇಟ್’ ಎಂಬುದನ್ನು ಹಿಡಿಯಿತು. ಬ್ರಿಟನ್ನಿನಲ್ಲಿ 2025ರ ಲೆಂಗ್ ವರದಿ ‘ಅಸೋಸಿಯೇಟ್’ ಬೇಡ, ‘ಅಸಿಸ್ಟೆಂಟ್’ ಎಂದೇ ಕರೆಯಿರಿ ಎಂದು ಶಿಫಾರಸು ಮಾಡಿತು. ರೋಗಿಗೆ ತನ್ನನ್ನು ನೋಡುತ್ತಿರುವವರು ವೈದ್ಯರೋ ಅಲ್ಲವೋ ಎಂಬುದು ತಿಳಿಯಬೇಕೆಂಬ ಆ ವರದಿಯ ಕಳಕಳಿ ನ್ಯಾಯವಾದುದೇ. ಆದರೆ ಈ ನಾಡಿನಲ್ಲಿ ಆ ಪದ ಬೇರೊಂದು ಕಾರಣಕ್ಕೆ ಚುಚ್ಚುತ್ತದೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಜಯಂತಿಯ ವೇದಿಕೆಯಲ್ಲಿ ಸಾರುವ ನಾಲಿಗೆಯೇ ಮನೆಗೆ ಬಂದು ‘ಮಗ ಬರೀ ಸಹಾಯಕನೇ?’ ಎಂದು ಕೇಳುತ್ತದೆ. ಶರಣರಲ್ಲಿ ವೈದ್ಯ ಸಂಗಣ್ಣನಿಗೆ ದೊರೆತ ಗೌರವವೇ ಹಗ್ಗ ಹೊಸೆದು ಮಾರುವ ನುಲಿಯ ಚಂದಯ್ಯನಿಗೂ ದೊರೆತಿತ್ತೆಂಬುದನ್ನು ಪಾಠ ಹೇಳುವವರೇ ಮರೆತರೆ ಹೇಗೆ?

ಈ ಪದವೀಧರರಲ್ಲಿ ಬಹುಪಾಲು ಜನ ನಗರಗಳ ದೊಡ್ಡ ಆಸ್ಪತ್ರೆಗಳಲ್ಲೇ ಉಳಿಯುತ್ತಿದ್ದಾರೆಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಹಳ್ಳಿಯ ಮಕ್ಕಳೇ ಈ ವಿದ್ಯೆಗೆ ಹೋಗದಿದ್ದರೆ ಹಳ್ಳಿಗೆ ಮರಳುವವರಾದರೂ ಯಾರು? ದಾನಿಗಳ ಔದಾರ್ಯದಿಂದ ಕಟ್ಟಡಗಳು ಎದ್ದಿವೆ, ಇನ್ನೂ ಏಳುತ್ತವೆ. ಪ್ರಸಾದ ನಿಲಯದ ಒಬ್ಬ ವಿದ್ಯಾರ್ಥಿಯ ನಾಲ್ಕು ವರ್ಷಗಳ ಶುಲ್ಕಕ್ಕೆ ಒಂದು ದತ್ತಿನಿಧಿ ಸ್ಥಾಪಿಸುವುದು ಒಂದು ಸಭಾಂಗಣಕ್ಕಿಂತ ಸಣ್ಣ ಕೆಲಸವೇನಲ್ಲ. ಅದಕ್ಕೆ ಮುನ್ನ ಅಧ್ಯಾಪಕರಿಂದ ಆಗಬೇಕಾದ ಕಾರ್ಯವೊಂದುಂಟು: ವಿಶ್ವವಿದ್ಯಾಲಯದ ಮನ್ನಣೆಯಿದೆಯೇ, ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಅಲ್ಲಿ ಹಾಸಿಗೆಗಳೆಷ್ಟು, ಹಿಂದೆ ಓದಿದವರು ಈಗ ಎಲ್ಲಿ ಯಾವ ವೇತನಕ್ಕೆ ದುಡಿಯುತ್ತಿದ್ದಾರೆ ಎಂಬಿಷ್ಟನ್ನು ವಿಚಾರಿಸಿ, ಫಲಿತಾಂಶ ಬರುವ ಮೊದಲೇ ಸೂಚನಾ ಫಲಕದ ಮೇಲೆ ಬರೆದು ಹಾಕುವುದು.