ಗಂಡಿನ ಉದ್ಯೋಗವೂ ದಾಖಲಾಗಲಿ

ಮಕ್ಕಳಾಗದ ದಂಪತಿಯ ವಿಷಯ ಬಂದಾಗ ನಮ್ಮ ಸಮಾಜ ಮೊದಲು ಬೆರಳು ತೋರುವುದು ಹೆಣ್ಣಿನತ್ತ. ಗಂಡ ಯಾವ ರಾಸಾಯನಿಕಗಳ ನಡುವೆ ದುಡಿಯುತ್ತಾನೆಂದು ಕೇಳುವವರು ಅಪರೂಪ. ಕರಾವಳಿಯ ಮಟ್ಟಿಗಾದರೂ ಈ ಪ್ರಶ್ನೆಯನ್ನು ಇನ್ನು ಮುಂದೂಡಲಾಗದು.

ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ತಜ್ಞರು ಅಲ್ಲಿನ ಪಡ್ರೆ ಗ್ರಾಮದ 117 ಬಾಲಕರನ್ನು, ಸಿಂಪಡಣೆಯಿಲ್ಲದ ಊರಿನ 90 ಬಾಲಕರೊಂದಿಗೆ ಹೋಲಿಸಿ 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಪಡ್ರೆಯ ಬಾಲಕರಲ್ಲಿ ಲೈಂಗಿಕ ಬೆಳವಣಿಗೆ ತಡವಾಗಿತ್ತು. ಹಾರ್ಮೋನು ಉತ್ಪತ್ತಿಗೆ ಅಡ್ಡಿಯಾಗಿರುವ ಸೂಚನೆಗಳೂ ಇದ್ದವು. ಉಡುಪಿ ಸೇರಿದಂತೆ ನಮ್ಮ ಕರಾವಳಿಯ ಗೇರು ತೋಟಗಳೂ ಅದೇ ವಿಷವನ್ನು ಕಂಡಿವೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆದರೆ ಸಂತ್ರಸ್ತರ ಮಾಸಾಶನಕ್ಕೆ ಆಧಾರವಾದದ್ದು ಅಂಗವೈಕಲ್ಯದ ಪ್ರಮಾಣ. ಸಂತಾನಹೀನತೆ ಆ ಅಳತೆಗೆ ಸಿಗದು.

ಮಣಿಪಾಲದ ತಜ್ಞರು 1993ರಿಂದ 2005ರವರೆಗೆ ಬಂಜೆತನದ ಚಿಕಿತ್ಸೆಗೆ ಬಂದ 7,770 ಪುರುಷರ ದಾಖಲೆಗಳನ್ನು ಪರಿಶೀಲಿಸಿದ್ದರು. ಪ್ರತಿ ಮಿಲಿಲೀಟರಿಗೆ ಸರಾಸರಿ 38 ಮಿಲಿಯನ್ ಇದ್ದ ವೀರ್ಯಾಣು ಸಂಖ್ಯೆ ಸುಮಾರು 27 ಮಿಲಿಯನ್‌ಗೆ ಇಳಿದಿತ್ತು. ಚಿಕಿತ್ಸೆ ಬಯಸಿ ಬಂದವರ ಅಂಕಿ-ಅಂಶವನ್ನು ಇಡೀ ಜನತೆಗೆ ಅನ್ವಯಿಸಲಾಗದು. ಇಳಿಕೆಗೆ ರಾಸಾಯನಿಕಗಳೇ ಕಾರಣವೆಂದೂ ಇದರಿಂದ ಸಾಬೀತಾಗದು. ಕಾರಣ ತಿಳಿಯಬೇಕಾದರೆ ರೋಗಿಯ ಉದ್ಯೋಗದ ವಿವರ ಬೇಕು. ಕಾರ್ಕಳದ ತೋಟದಲ್ಲಿ ಕೀಟನಾಶಕ ಸಿಂಪಡಿಸುವವನೋ, ಕಾಪುವಿನಲ್ಲಿ ಹಳೆಯ ಬ್ಯಾಟರಿ ಬಿಚ್ಚಿ ಸೀಸ ಮುಟ್ಟುವವನೋ ಎಂಬುದು ಗೊತ್ತಾಗಬೇಕು. ಸೀಸ ವೀರ್ಯಾಣುಗಳಿಗೆ ಹಾನಿಕರವೆಂಬುದು ಹೊಸ ಸಂಗತಿಯೇನಲ್ಲ.

ಕ್ಯಾಲಿಫೋರ್ನಿಯಾದ ಕೀಟನಾಶಕ ಕಾರ್ಖಾನೆಯೊಂದರಲ್ಲಿ 1977ರಲ್ಲಿ ತಮಗೆ ಮಕ್ಕಳಾಗುತ್ತಿಲ್ಲವೆಂದು ಕಾರ್ಮಿಕರೇ ತಮ್ಮೊಳಗೆ ಮಾತಾಡಿಕೊಂಡು ತಪಾಸಣೆಗೆ ಒತ್ತಾಯಿಸಿದ್ದರು. ಡಿಬಿಸಿಪಿ ಎಂಬ ರಾಸಾಯನಿಕದ ದುಷ್ಪರಿಣಾಮ ಬಯಲಾದದ್ದು ಹಾಗೆ. ಸಂಕೋಚ ಹೆಚ್ಚಿರುವ ನಮ್ಮಲ್ಲಿ ಕಾರ್ಮಿಕರು ಬಾಯಿಬಿಡಲಿ ಎಂದು ಕಾಯುವುದು ಸಲ್ಲದು.

ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಬಲ್ಲ ಮಾತು ಇಷ್ಟು: ದಾಖಲೆಯಲ್ಲಿಲ್ಲದ ಸಮಸ್ಯೆ ಸರ್ಕಾರದ ಪಾಲಿಗೆ ಇಲ್ಲದ ಸಮಸ್ಯೆ. ಬಂಜೆತನದ ಚಿಕಿತ್ಸಾಲಯಗಳು ಪ್ರತಿ ಪುರುಷನ ಉದ್ಯೋಗ ಮತ್ತು ಆತ ಬಳಸುವ ರಾಸಾಯನಿಕಗಳನ್ನು ಕಡ್ಡಾಯವಾಗಿ ನಮೂದಿಸಲಿ. ಹೆಸರು ಬಿಟ್ಟು ಆ ಮಾಹಿತಿಯನ್ನು ಆರೋಗ್ಯ ಮತ್ತು ಕಾರ್ಮಿಕ ಇಲಾಖೆಗಳು ಒಟ್ಟಾಗಿ ಪರಿಶೀಲಿಸಲಿ. ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಸಾಕು. ಸಕಾಲದಲ್ಲಿ ವಿಷದಿಂದ ದೂರವಾದರೆ ಹಲವರು ಚೇತರಿಸಿಕೊಳ್ಳಬಹುದು. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಉತ್ಪಾದನೆಯ ಲಾಭ ಮಾಲೀಕನದು, ಅದರ ಗುಪ್ತ ವೆಚ್ಚ ಕಾರ್ಮಿಕನ ಮನೆಯದು. ಆ ವೆಚ್ಚ ಮೊದಲು ಲೆಕ್ಕಕ್ಕೆ ಬರಲಿ.